ಉಣ್ಣೆ ಅಂದರೆ ಉಣ್ಣಿ

ನನ್ನ ಮಗಳಿಗೆ ನಾಲ್ಕು ತಿಂಗಳಾದಾಗ ಎಡಗೆನ್ನೆಯ ಮೇಲೆ ಒಂದು ಕೆಂಪು ಮಚ್ಚೆ ಬಂತು. ಬೆರಳ ತುದಿಯಷ್ಟಿತ್ತು. ಮುಟ್ಟಿದರೆ ಒರಟು. ಎಂಟು ದಿನದಲ್ಲಿ ಬಲಗೆನ್ನೆಗೂ ಬಂತು. ಆಮೇಲೆ ಕೊರಳ ಮಡಿಕೆ, ಮೊಣಕೈ, ಮೊಣಕಾಲು. ಕೂಸು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಹಾಸಿಗೆಗೆ ಗಲ್ಲ ತಿಕ್ಕುತ್ತಿತ್ತು. ಕೈ ಅದರ ಹಿಡಿತಕ್ಕೆ ಬಂದ ಮೇಲೆ ಉಗುರಿನಿಂದ ಕೆರೆಯತೊಡಗಿತು.

ನಾನು ಕುರಿ ಕಾಯುವವನು. ಗಡಿಯಾಚೆ ಮರಾಠಿ ಸೀಮೆಯಲ್ಲಿ, ಡಫಳಾಪುರದ ಹೊರಗೆ ಹೊಲದಲ್ಲೇ ನಮ್ಮ ಮನೆ, ಪಕ್ಕದಲ್ಲಿ ಕುರಿ ದೊಡ್ಡಿ. ಐದನೆಯ ತರಗತಿ ತನಕ ಕನ್ನಡ ಶಾಲೆಯಲ್ಲಿ ಕುಳಿತೆ, ಆಮೇಲೆ ಬಿಟ್ಟೆ. ಬರೆಯುವುದು ನನ್ನ ಕೆಲಸವಲ್ಲ. ಇದನ್ನು ಬರೆಯುತ್ತಿರುವುದು ಒಂದು ಶಬ್ದಕ್ಕಾಗಿ. ಆ ಶಬ್ದವನ್ನು ನಾನು ತಪ್ಪು ಕೇಳಿಸಿಕೊಂಡೆ. ಅದಕ್ಕೆ ನನ್ನ ಮಗಳು ಮೂರು ತಿಂಗಳು ಹೆಚ್ಚಿಗೆ ಕೆರೆದುಕೊಂಡಳು, ಮತ್ತು ನನ್ನ ಹೆಂಡತಿ ಆಕೆಯನ್ನು ಎತ್ತಿಕೊಂಡು ತವರಿಗೆ ಹೊರಟು ನಿಂತಳು.

ಚರ್ಮ ನನಗೆ ಗೊತ್ತು ಎಂದುಕೊಂಡಿದ್ದೆ. ಸುತ್ತಲಿನ ವಸ್ತಿಗಳಲ್ಲಿ ಯಾರ ಕುರಿಗೆ ಕಜ್ಜಿ ಹತ್ತಿದರೂ ನನ್ನನ್ನು ಕರೆಯುತ್ತಾರೆ. ಕೂದಲು ಬಿಡಿಸಿ ನೋಡುತ್ತೇನೆ, ಗಾಯ ಒಣಗಿ ಕಟ್ಟಿದ ಹೆಕ್ಕಳಿಕೆ ಕಿತ್ತು ಮೂಸುತ್ತೇನೆ, ಅದನ್ನು ಹಿಂಡಿನಿಂದ ಬೇರೆ ಕಟ್ಟಿಸುತ್ತೇನೆ. ಗಂಧಕವನ್ನು ಹೊಂಗೆ ಎಣ್ಣೆಯಲ್ಲಿ ಕಲಸಿ ತಿಕ್ಕಿ ಬಿಸಿಲಿಗೆ ನಿಲ್ಲಿಸುತ್ತೇನೆ. ಒಣಗಿದರೆ ವಾಸಿಯಾಯಿತು. ಕುರಿಯ ಚರ್ಮದಲ್ಲಿ ಒದ್ದೆ ಎಂದರೆ ರೋಗ, ಒಣ ಎಂದರೆ ಗುಣ. ನನ್ನ ಅಪ್ಪ ಕಲಿಸಿದ್ದು ಇಷ್ಟೇ.

ಮಗಳಿಗೂ ಅದನ್ನೇ ಮಾಡಿದೆ. ಗಂಧಕ ಕಡಿಮೆ ಹಾಕಿದೆ, ಅಷ್ಟೇ. ನನ್ನ ಅವ್ವ ಬೇವಿನ ಎಲೆ ಕುದಿಸಿದ ನೀರಿನಲ್ಲಿ ಎರೆದಳು. ಕಡಲೆ ಹಿಟ್ಟು ಹಚ್ಚಿ ತಿಕ್ಕಿದಳು. ನಾಲ್ಕನೆಯ ದಿನ ಗಲ್ಲ ಒಣಗಿದ ಕೆರೆಯ ತಳದ ಹಾಗೆ ಬಿರಿಯಿತು. ಬಿರುಕಿನಿಂದ ನೀರು ಒಸರಿತು. ನಾನು ಮತ್ತೆ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ನನ್ನ ಹೆಂಡತಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಕಿ ಕುರಿಮರಿ ಅಲ್ರಿ," ಅಂದಳು.

ಬಟ್ಟಲು ಕೆಳಗಿಟ್ಟೆ. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಹೆಂಗಸು ನಮ್ಮ ಕೂಸನ್ನು ಎತ್ತಿಕೊಳ್ಳುವುದನ್ನು ಬಿಟ್ಟಿದ್ದಳು. ಕುರಿ ಕಜ್ಜಿ ಕೂಸಿಗೆ ಹತ್ತಿದೆ ಎಂದು ಹೇಳಿಕೊಂಡು ತಿರುಗಿದಳು. ನಾನು ಸಿಟ್ಟಾದೆ. ಆದರೆ ಒಳಗೆ ನನಗೂ ಅದೇ ಅನುಮಾನ ಇತ್ತು.

ಮರುದಿನ ಬಸ್ಸು ಹಿಡಿದು ತಾಲ್ಲೂಕಿನ ಊರಾದ ಜತ್ತಕ್ಕೆ ಹೋದೆವು. ಮಕ್ಕಳ ಡಾಕ್ಟರರ ಖೋಲಿಯ ಮುಂದೆ ಗದ್ದಲ. ಡಾಕ್ಟರು ಹೆಂಗಸು, ಮೈಸೂರು ಕಡೆಯವರು, ಮದುವೆಯಾಗಿ ಈ ಕಡೆ ಬಂದವರು. ಅವರ ಕನ್ನಡ ಪುಸ್ತಕ ಓದಿದ ಹಾಗಿರುತ್ತದೆ. ಮರಾಠಿ ಬರುವವರ ಹತ್ತಿರ ಮರಾಠಿ ಮಾತಾಡುತ್ತಾರೆ, ನಮ್ಮಂಥವರು ಬಾಯಿ ಬಿಟ್ಟ ಕೂಡಲೇ ಕನ್ನಡಕ್ಕೆ ಹೊರಳುತ್ತಾರೆ.

ಅವರು ಮುಟ್ಟಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಕಜ್ಜಿ ಅಲ್ಲ ಎಂದರು. ಇದು ಇಸುಬು, ಯಾರಿಂದಲೂ ಹತ್ತುವುದಿಲ್ಲ, ಯಾರಿಗೂ ಹತ್ತಿಸುವುದಿಲ್ಲ. ಕೆಲವು ಮಕ್ಕಳ ಚರ್ಮ ಹುಟ್ಟುತ್ತಲೇ ಹೀಗೆ, ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಏನು ತಾಗಿದರೂ ಉರಿಯುತ್ತದೆ. ಏನು ಹಚ್ಚಿದ್ದೀರಿ ಎಂದು ಕೇಳಿದರು. ಹೇಳಿದೆ. ಗಂಧಕ ಎಂದ ಕೂಡಲೇ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಬೈಯಲಿಲ್ಲ.

ಮಾಡಬೇಕಾದ್ದನ್ನು ಹೇಳಿದರು. ಉಗುರುಬೆಚ್ಚಗಿನ ನೀರು, ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಬೇವು ಬೇಡ, ಹಿಟ್ಟು ಬೇಡ, ಘಮಘಮ ಸಾಬೂನು ಬೇಡ. ತಿಕ್ಕಬಾರದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಬೇಕು. ಮೈ ಇನ್ನೂ ಹಸಿ ಇರುವಾಗಲೇ ಡಬ್ಬಿಯ ಬಿಳಿ ಮುಲಾಮನ್ನು ಮೈತುಂಬ ಬಳಿಯಬೇಕು. ದಿನಕ್ಕೆ ಮೂರು ಸಲವಾದರೂ. ಕೆಂಪಾದ ಕಡೆ ಮಾತ್ರ ಸಣ್ಣ ಟ್ಯೂಬಿನ ಮದ್ದು, ತೆಳ್ಳಗೆ, ಹೇಳಿದಷ್ಟು ದಿನ, ಅದಕ್ಕಿಂತ ಹೆಚ್ಚಲ್ಲ. ಉಗುರು ಕತ್ತರಿಸಬೇಕು. ಹಳೆಯ ಹತ್ತಿ ಬಟ್ಟೆಯನ್ನೇ ಹಾಸಬೇಕು, ಹೊದಿಸಬೇಕು.

ಅಪ್ಪ ಕಲಿಸಿದ್ದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಒಣ ಎಂದರೆ ರೋಗ, ಒದ್ದೆ ಎಂದರೆ ಗುಣ.

ಕೂಸು ಅಳುತ್ತಿತ್ತು. ಹೆಂಡತಿ ಅದನ್ನು ಎತ್ತಿಕೊಂಡು ಹೊರಗೆ ಪಡಸಾಲೆಗೆ ಹೋದಳು. ಡಾಕ್ಟರು ಚೀಟಿ ಬರೆಯುತ್ತ ಒಂದೊಂದೇ ಕೇಳಿದರು. ಮನೆಯಲ್ಲಿ ಯಾರಿಗಾದರೂ ದಮ್ಮು ಇದೆಯಾ. ಹೊಗೆ ಬರುತ್ತದಾ. ಧೂಳು. ಕೊನೆಗೆ ಕೇಳಿದರು:

"ಉಣ್ಣೆ ಏನಾದರೂ ತಾಗುತ್ತದಾ ಮಗುವಿಗೆ?"

ನಾವು ಮನೆಗೆ ಮನಿ ಅನ್ನುವವರು. ಶಾಲೆಗೆ ಸಾಲಿ ಅನ್ನುವವರು. ಅವರು ಉಣ್ಣೆ ಅಂದರು, ನನ್ನ ಕಿವಿ ಅದನ್ನು ಉಣ್ಣಿ ಮಾಡಿಕೊಂಡಿತು. ಉಣ್ಣಿ ಎಂದರೆ ನಮಗೆ ಕುರಿಯ ಕಿವಿ ಸಂದಿಯಲ್ಲಿ, ತೊಡೆ ಸಂದಿಯಲ್ಲಿ ಕಚ್ಚಿಕೊಂಡು ರಕ್ತ ಕುಡಿಯುವ ಹುಳ. ಕುರಿಯ ಮೈಮೇಲಿನದನ್ನು ನಾವು ಕುರಿ ಕೂದಲು ಎನ್ನುತ್ತೇವೆ. ಬೇರೆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿಲ್ಲ.

ಉಣ್ಣಿಯ ವಿಷಯ ಬಂದರೆ ನನಗೆ ಬೇಗ ಸಿಟ್ಟು ಬರುತ್ತದೆ. ಹಿಂಡನ್ನು ಅಷ್ಟು ಸ್ವಚ್ಛ ಇಟ್ಟುಕೊಂಡವನು ನಾನು.

"ಒಂದೂ ಇಲ್ರಿ," ಅಂದೆ. "ಬೇಕಾದ್ರ ಬಂದು ನೋಡ್ರಿ."

ಸರಿ ಎಂದು ಅವರು ಬರೆದುಕೊಂಡರು. ಮುಂದಿನವರನ್ನು ಕರೆದರು.

ಆ ಹೊತ್ತಿಗೆ ನನ್ನ ಕಂಬಳಿ ಎಲ್ಲಿತ್ತು ಎಂದರೆ ಪಡಸಾಲೆಯ ಬೆಂಚಿನ ಮೇಲೆ, ಮಡಿಸಿ ಇಟ್ಟಿತ್ತು. ಅದು ಅಪ್ಪನದು. ನಮ್ಮದೇ ಕುರಿಯ ಕೂದಲಿನಿಂದ ನೇಯಿಸಿದ ಕರಿ ಕಂಬಳಿ. ಹುಣಸೆ ಬೀಜದ ಗಂಜಿ ಕುಡಿದು ಹಲಗೆಯ ಹಾಗೆ ಬಿರುಸಾಗಿರುತ್ತದೆ, ಮಳೆ ನೀರನ್ನೂ ಒಳಗೆ ಬಿಡುವುದಿಲ್ಲ. ನಮ್ಮ ದೇವರ ಗದ್ದುಗೆ ಕಂಬಳಿಯದು. ಮದುವೆಯಲ್ಲಿ ಮದುಮಕ್ಕಳು ಕೂರುವುದು ಕಂಬಳಿಯ ಮೇಲೆ. ಹೆಸರಿಡುವ ದಿನ ಕೂಸನ್ನು ಮೊದಲು ಮಲಗಿಸುವುದು ಕಂಬಳಿಯ ಮೇಲೆ. ಅದನ್ನು ನಾವು ಬಟ್ಟೆಯ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಡಾಕ್ಟರು ಹತ್ತಿ ಬಟ್ಟೆ ಹಾಸಿ ಎಂದಾಗ ನಾವು ಹಳೆಯ ಚಾದರ ಹಾಸಿದೆವು. ಕಂಬಳಿ ಮೊದಲಿನಂತೆ ನನ್ನ ಹೆಗಲ ಮೇಲೆ ಉಳಿಯಿತು.

ಮುಲಾಮು ಕೆಲಸ ಮಾಡಿತು. ಹದಿನೈದು ದಿನದಲ್ಲಿ ಗಲ್ಲ ತಿಳಿಯಾಯಿತು. ಅಷ್ಟರಲ್ಲಿ ನಾನು ಹಿಂಡು ಹೊಡೆದುಕೊಂಡು ಹೊರಗೆ ಹೋದೆ. ಮಳೆಗಾಲ ಮುಗಿದ ಮೇಲೆ ಬೆಳೆ ಕೊಯ್ದ ಹೊಲಗಳಲ್ಲಿ ಮೇಯಿಸುತ್ತ ಊರಿಂದ ಊರಿಗೆ ಸರಿಯುತ್ತೇವೆ. ಹದಿನೈದು ದಿನಕ್ಕೋ ಇಪ್ಪತ್ತು ದಿನಕ್ಕೋ ಹಿಂಡನ್ನು ಜೊತೆಗಾರರಿಗೆ ಒಪ್ಪಿಸಿ ಮನೆಗೆ ಬಂದು ಹೋಗುತ್ತೇನೆ. ಫೋನಿನಲ್ಲಿ ಹೆಂಡತಿ ಕೂಸಿನ ಮುಖ ತೋರಿಸುತ್ತಿದ್ದಳು. ತುಪ್ಪ ಸವರಿದ ಹಾಗೆ ಮಿರಿಮಿರಿ.

ಮೊದಲ ಸಲ ದೀಪಾವಳಿಗೆ ಬಂದೆ. ಕೂಸು ನನ್ನನ್ನು ನೋಡಿ ಕಾಲು ಒದೆಯಿತು. ಎತ್ತಿ ಹೆಗಲಿಗೆ ಹಾಕಿಕೊಂಡೆ. ಕಂಬಳಿಯ ಮಡಿಕೆಯಲ್ಲಿ ಗಲ್ಲ ಇಟ್ಟು ಅಲ್ಲೇ ನಿದ್ದೆ ಹೋಯಿತು. ಇಳಿಸಲು ಮನಸ್ಸಾಗಲಿಲ್ಲ, ತುಂಬ ಹೊತ್ತು ಹಾಗೇ ಓಡಾಡಿದೆ. ಮರುದಿನ ಬೆಳಿಗ್ಗೆ ಆ ಗಲ್ಲ ಕೆಂಪು. ಮೂರನೆಯ ದಿನ ಎರಡೂ ಗಲ್ಲ, ಕೊರಳು. ಹಬ್ಬದ ಎಣ್ಣೆ ಪದಾರ್ಥ ತಿಂದು ಮೊಲೆಹಾಲು ಕೆಟ್ಟಿದೆ ಎಂದು ಅವ್ವ ಸೊಸೆಯನ್ನು ಬೈದಳು. ನಾನು ಹೋದ ಮೇಲೆ ವಾರದಲ್ಲಿ ಮತ್ತೆ ತಿಳಿಯಾಯಿತಂತೆ.

ಎರಡನೆಯ ಸಲವೂ ಹಾಗೇ ಆಯಿತು. ಚಳಿ ಬಿದ್ದಿತ್ತು. ಬೆಳಗಿನ ಹೊತ್ತು ಕೂಸನ್ನು ಕಂಬಳಿಯೊಳಗೆ ಹಾಕಿಕೊಂಡು ಬಿಸಿಲಿಗೆ ಕುಳಿತೆ. ಎರಡು ದಿನಕ್ಕೆ ಮೊಣಕಾಲು ಕೆರೆದು ರಕ್ತ ಬಂತು.

ಮೂರನೆಯ ಸಲ ಬಂದಾಗ ಹೆಂಡತಿ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು, ಕೂಸು ಆಕೆಯ ಬೆನ್ನ ಹಿಂದೆ ಚಾದರದ ಮೇಲೆ ಇತ್ತು. ನಾನು ಬಗ್ಗಿದೆ. ಆಕೆ ಹಿಟ್ಟಿನ ಕೈಯನ್ನೇ ಅಡ್ಡ ಹಿಡಿದಳು.

"ದೀಪಾವಳಿಗಿ ಬಂದ್ರಿ, ಕೆಂಪಾದಳು. ಹೋದ ತಿಂಗಳ ಬಂದ್ರಿ, ರಕ್ತ ಬಂತು. ನೀವು ಇಲ್ದಾಗ ಚಲೋ ಇರ್ತಾಳ್ರಿ."

ಅಂದರೆ ನಾನು ರೋಗ ಹೊತ್ತು ತರುತ್ತೇನೆ ಎಂದಾಯಿತು. ಡಾಕ್ಟರು ಹತ್ತುವ ರೋಗವಲ್ಲ ಎಂದಿದ್ದಾರೆ ಎಂದು ನಾನು ಜೋರು ಮಾಡಿದೆ. ಆಕೆ ದನಿ ಏರಿಸಲಿಲ್ಲ. ಡಾಕ್ಟರು ನೋಡಿದ್ದು ಒಂದು ದಿನ, ತಾನು ನೋಡುತ್ತಿರುವುದು ಮೂರು ತಿಂಗಳಿಂದ ಎಂದಳು. ಕುರಿ ಬಿಡಬೇಕು, ಇಲ್ಲವೇ ಕೂಸು ದೊಡ್ಡದಾಗುವ ತನಕ ತಾನು ವಳಸಂಗದ ತವರಲ್ಲಿ ಇರುತ್ತೇನೆ, ನಾನು ಅಲ್ಲಿಗೆ ಬರಬಾರದು ಎಂದಳು. ಅಣ್ಣನಿಗೆ ಫೋನು ಮಾಡಿ ಆಗಿತ್ತು. ಐತವಾರ ಆತ ಗಾಡಿ ತರುವವನಿದ್ದ. ಅಂದು ಗುರುವಾರ.

ನಾನು ಹೊರಗೆ ಹೋಗಿ ಅಂಗಿ ಬಿಚ್ಚಿ ನನ್ನ ಮೈ ಎಲ್ಲ ನೋಡಿಕೊಂಡೆ. ಕಂಕುಳು, ಬೆರಳ ಸಂದಿ, ಸೊಂಟ. ಒಂದು ಗುಳ್ಳೆ ಇರಲಿಲ್ಲ. ಸಾಬೂನು ಹಚ್ಚಿ ಎರಡು ಸಲ ಸ್ನಾನ ಮಾಡಿದೆ. ಒಗೆದ ಅಂಗಿ ಹಾಕಿಕೊಂಡೆ. ಹೊರಗೆ ಗಾಳಿ ಕೊರೆಯುತ್ತಿತ್ತು. ಕಂಬಳಿ ಹೊದ್ದುಕೊಂಡು ಒಳಗೆ ಬಂದು, ಈಗ ಕೊಡು ಎಂದೆ. ಆಕೆ ನನ್ನ ಒದ್ದೆ ಕೂದಲು ನೋಡಿದಳು. ಏನನ್ನಿಸಿತೋ, ಕೊಟ್ಟಳು. ನಾನು ಎಷ್ಟು ತೊಳೆದುಕೊಂಡಿದ್ದೆನೋ ಅಷ್ಟು ಧೈರ್ಯದಿಂದ ಕೂಸನ್ನು ಕಂಬಳಿಯೊಳಗೆ ಅಪ್ಪಿಕೊಂಡೆ.

ಶುಕ್ರವಾರ ಸಂಜೆ ಹೊತ್ತಿಗೆ ಕೂಸಿನ ಮೈ ಬಿಸಿಯಾಗಿತ್ತು. ಶನಿವಾರ ಬೆಳಿಗ್ಗೆ ಗಲ್ಲದ ಮೇಲೆ ಹಳದಿ ಹೆಕ್ಕಳಿಕೆ ಕಟ್ಟಿತ್ತು, ಬೆಲ್ಲದ ಪಾಕ ಒಣಗಿದ ಹಾಗೆ. ಕಣ್ಣು ಅರ್ಧ ಮುಚ್ಚಿತ್ತು. ಮೊಲೆ ಹಿಡಿಯಲಿಲ್ಲ. ಅಳುವುದನ್ನೂ ನಿಲ್ಲಿಸಿತು. ಕೆರೆಯಲು ಕೈ ಎತ್ತುತ್ತಿತ್ತು, ನಡುವೆಯೇ ಬಿಡುತ್ತಿತ್ತು. ಕುರಿಮರಿ ಹೀಗೆ ಸುಮ್ಮನಾದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹೆಂಡತಿಗೆ ಹೇಳಲಿಲ್ಲ. ಮೋಟರ್ ಸೈಕಲ್ ತೆಗೆದೆ.

ಹೊರಡುವಾಗ ಅವ್ವ ಗಾಳಿ ಬಡಿಯುತ್ತದೆ, ಕೂಸನ್ನು ಚೆನ್ನಾಗಿ ಸುತ್ತಿ ಎಂದಳು. ಸುತ್ತಿದೆವು. ಯಾತರಲ್ಲಿ ಎಂದು ಹೇಳಬೇಕಾಗಿಲ್ಲ. ಹೆಂಡತಿ ಹಿಂದೆ ಕುಳಿತಳು, ನಡುವೆ ಕಂಬಳಿಯ ಗಂಟಿನಲ್ಲಿ ಕೂಸು. ಕೂಸಿನ ತಲೆ ನನ್ನ ಬೆನ್ನಿಗೆ ತಾಗುತ್ತಿತ್ತು. ಆ ತಲೆ ಆಗಾಗ ಕಂಬಳಿಗೆ ತಿಕ್ಕಿಕೊಳ್ಳುತ್ತಿತ್ತು. ತಿಕ್ಕಿದರೆ ಜೀವ ಇದೆ ಎಂದುಕೊಂಡು ನಾನು ಸಮಾಧಾನಪಡುತ್ತಿದ್ದೆ. ತಿಕ್ಕದಿದ್ದಾಗ ಗಾಡಿ ನಿಧಾನ ಮಾಡಿ ಕೇಳುತ್ತಿದ್ದೆ. ಉಸಿರಾಡುತ್ತಾಳೆ, ನಡೆಯಿರಿ ಎಂದು ಹೆಂಡತಿ ಹೇಳುತ್ತಿದ್ದಳು. ದಾಳಿಂಬೆ ತೋಟಗಳು, ಜೋಳದ ಹೊಲಗಳು ಹಿಂದೆ ಹೋದವು.

ಡಾಕ್ಟರು ಸಾಲಿನಲ್ಲಿದ್ದವರನ್ನು ಬಿಟ್ಟು ನಮ್ಮನ್ನು ಒಳಗೆ ಕರೆದರು. ಮೇಜಿನ ಮೇಲೆ ಇಟ್ಟು ಗಂಟು ಬಿಚ್ಚಿದರು. ಹಳದಿ ಹೆಕ್ಕಳಿಕೆ ನೋಡಿದರು, ಜ್ವರ ನೋಡಿದರು, ಎದೆಗೆ ನಳಿಗೆ ಇಟ್ಟು ಕೇಳಿದರು. ಕೆರೆದ ಗಾಯದಲ್ಲಿ ಸೋಂಕು ಹೊಕ್ಕಿದೆ, ಜ್ವರ ಅದರದ್ದು, ಸರಿಯಾದ ಹೊತ್ತಿಗೆ ಬಂದಿದ್ದೀರಿ, ಎಂಟೊಂಬತ್ತು ತಾಸು ಕಣ್ಣಿಟ್ಟು ನೋಡೋಣ ಎಂದರು. ಸೂಜಿ ಹಾಕಿದರು. ಆಗ ಕೂಸು ಅತ್ತಿತು.

ಆಮೇಲೆ ಅವರ ಕೈ ಮೇಜಿನ ಮೇಲೆ ನಿಂತಿತು. ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

"ಇದೇನು?"

"ಕಂಬಳಿರಿ."

"ಯಾತರದ್ದು?"

"ಕುರಿ ಕೂದಲದ್ದು. ಅಸಲಿರಿ," ಅಂದೆ.

ಅವರು ಹಳೆಯ ಚೀಟಿ ಹುಡುಕಿ ತೆಗೆದರು. ಓದಿದರು. ಮೊದಲ ದಿನವೇ ಉಣ್ಣೆ ತಾಗುತ್ತದಾ ಎಂದು ಕೇಳಿದ್ದೆ, ಒಂದೂ ಇಲ್ಲ ಎಂದಿದ್ದೀರಿ ಎಂದರು. ದನಿ ಬಿರುಸಾಗಿತ್ತು.

"ಉಣ್ಣಿ ಇಲ್ರಿ," ಅಂದೆ. "ಈಗೂ ಇಲ್ಲ. ಇದು ಬರೇ ಕಂಬಳಿರಿ."

ಅವರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಬಾಗಿಲ ಹತ್ತಿರ ಔಷಧ ಕಟ್ಟುತ್ತಿದ್ದ ಕಾಂಪೌಂಡರ್ ಮುದುಕ ಇದ್ದ, ಈ ಭಾಗದವನೇ. ಆತ ಪೊಟ್ಟಣ ಕೆಳಗಿಟ್ಟ.

"ಡಾಕ್ಟರ ಬಾಯೀರಿ, ಇಂವ ಹುಳದ ಮಾತು ಹೇಳಾಕ್ಹತ್ಯಾನ. ಕುರಿಗಿ ಕಚ್ಚತಾವಲ್ಲ, ಆ ಉಣ್ಣಿ."

ಮೊದಲು ನಕ್ಕದ್ದು ನನ್ನ ಹೆಂಡತಿ. ಅದು ನಗುವೂ ಅಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಆಕೆಯ ಹೆಗಲು ಕುಲುಕಿತು, ಕಣ್ಣಿನಿಂದ ನೀರು ಇಳಿಯಿತು. ಡಾಕ್ಟರು ಪೆನ್ನು ಇಟ್ಟರು. ಕುರಿ ಕೂದಲಿಗೇ ಉಣ್ಣೆ ಅನ್ನುತ್ತಾರೆ ಎಂದು ನಿಧಾನವಾಗಿ ಹೇಳಿದರು. ತಾನು ಕಂಬಳಿ ಎಂದೇ ಕೇಳಬೇಕಿತ್ತು, ಹತ್ತು ವರ್ಷ ಈ ಊರಲ್ಲಿದ್ದು ಇಷ್ಟು ತಿಳಿಯಲಿಲ್ಲ ಎಂದರು.

ನಾನು ಒಪ್ಪಲಿಲ್ಲ. ಒಪ್ಪಲು ಆಗಲಿಲ್ಲ. ನಾನು ಹುಟ್ಟಿದ್ದು ಕಂಬಳಿಯ ಮೇಲೆ, ನನ್ನ ಅಪ್ಪ ಸತ್ತದ್ದು ಕಂಬಳಿಯ ಮೇಲೆ. ಯಾರಿಗೂ ಏನೂ ಆಗಿಲ್ಲ ಎಂದೆ. ಡಾಕ್ಟರು ಕಂಬಳಿಯ ಅಂಚನ್ನು ನನ್ನ ಮೊಣಕೈ ಒಳಮಗ್ಗುಲಿಗೆ ತಿಕ್ಕಿದರು. ಚುಚ್ಚುತ್ತದಾ ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿ ಏನೂ ಅನ್ನಿಸಲಿಲ್ಲ. ಅವರು ನನ್ನ ಹೆಂಡತಿಯ ಕಡೆ ತಿರುಗಿ ಅದನ್ನೇ ಕೇಳಿದರು, ತಿಕ್ಕಲೂ ಇಲ್ಲ.

ಹೆಂಡತಿ ನನ್ನನ್ನು ನೋಡಲಿಲ್ಲ. ಕೂಸನ್ನು ನೋಡುತ್ತ ಹೇಳಿದಳು:

"ಮದುವಿ ದಿವಸದಿಂದ ಚುಚ್ಚತೈತ್ರಿ. ಯಾರಿಗಿ ಹೇಳ್ಲಿ?"

ನಮ್ಮ ಮದುವೆಯಾಗಿ ಮೂರು ವರ್ಷವಾಗಿತ್ತು. ಆಕೆಯ ಮನೆಯವರು ಒಕ್ಕಲುತನದವರು, ಆಕೆ ಹಳೆಯ ಬಟ್ಟೆ ಹೊಲಿದ ಕೌದಿ ಹೊದ್ದು ಬೆಳೆದವಳು. ನಮ್ಮ ಮನೆಯಲ್ಲಿ ಕಂಬಳಿಗೆ ಏನಾದರೂ ಅಂದರೆ ಅವ್ವ ಏನನ್ನುತ್ತಾಳೆ ಎಂದು ಗೊತ್ತಿದ್ದು ಬಾಯಿ ಕಟ್ಟಿಕೊಂಡಿದ್ದಳು. ಆ ದಿನ ನನಗೆ ಅತಿ ಹೆಚ್ಚು ನಾಟಿದ್ದು ಆ ಮಾತು. ಡಾಕ್ಟರು ಹೇಳಿದ ಎಲ್ಲಕ್ಕಿಂತ.

ಇಸುಬಿಗೆ ಕಂಬಳಿಯೇ ಮೂಲ ಅಂತಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಚರ್ಮ ಹುಟ್ಟಿನಿಂದ ಹಾಗಿದೆ. ಕಂಬಳಿಯ ಬಿರುಸು ಕೂದಲು ಅದನ್ನು ಕೆರಳಿಸುತ್ತದೆ. ನಿಮ್ಮ ಅಂಗಿಗೆ ಅಂಟಿದ ಕೂದಲು, ನಿಮ್ಮ ಗಡ್ಡ, ಕೂಸಿನ ಜೊಲ್ಲು, ಬೆವರು, ಎಲ್ಲವೂ ಕೆರಳಿಸಬಹುದು. ಬರುತ್ತದೆ, ಹೋಗುತ್ತದೆ, ದೊಡ್ಡವಳಾದಂತೆ ಬಹುಶಃ ಕಡಿಮೆಯಾಗುತ್ತದೆ. ನಾನು ಬಹುಶಃ ಎಂಬುದನ್ನು ಬಿಡಿಸಿ ಹೇಳಿ ಎಂದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ ಎಂದರು.

ಸಂಜೆ ನಾಲ್ಕರ ಹೊತ್ತಿಗೆ ಜ್ವರ ಇಳಿಯಿತು. ಕೂಸು ಹಾಲು ಕುಡಿಯಿತು. ಹೊರಡುವಾಗ ಹೆಂಡತಿ ಅದನ್ನು ತನ್ನ ನೂಲಿನ ಸೆರಗಿನಲ್ಲಿ ಎರಡು ಸುತ್ತು ಸುತ್ತಿಕೊಂಡಳು, ಮೇಲೆ ಕಾಂಪೌಂಡರ್ ಕೊಟ್ಟ ಹಳೆಯ ಧೋತರದ ತುಂಡು. ಕಂಬಳಿಯನ್ನು ಗಾಡಿಯ ಹಿಂದೆ ಹಗ್ಗದಿಂದ ಬಿಗಿದೆ. ಹೆಗಲು ಖಾಲಿ. ಗಾಳಿ ಎದೆಗೆ ಬಡಿಯಿತು. ಬಡಿಯಲಿ ಎಂದುಕೊಂಡೆ.

ಮನೆಗೆ ಬಂದು ಕಂಬಳಿಯನ್ನು ದೊಡ್ಡಿಯ ಗೂಟಕ್ಕೆ ಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಕೂಸಿಗೆ ಹೇಗಿದೆ ಎಂದು ಕೇಳಿದಳು, ಹೇಳಿದೆ. ಕಂಬಳಿ ಅಲ್ಲೇಕೆ ಎಂದಳು, ಅದನ್ನೂ ಹೇಳಿದೆ.

"ನಿಮ್ಮಪ್ಪನ್ನ ದೊಡ್ಡ್ಯಾಗ ಹಾಕಿದಿ," ಅಂದಳು. ಅಷ್ಟು ಹೇಳಿ ಒಳಗೆ ಹೋದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಐತವಾರ ಭಾವಮೈದುನ ಗಾಡಿ ತಂದ. ಹೆಂಡತಿಯ ಚೀಲ ಗುರುವಾರದಿಂದ ಕಟ್ಟಿಯೇ ಇತ್ತು. ಆಕೆ ಅಣ್ಣನಿಗೆ ಚಹಾ ಕೊಟ್ಟಳು. ನಡೆದದ್ದನ್ನು ಹೇಳಿದಳು. ಆತ ನಕ್ಕ, ನಾನು ನಗಲಿಲ್ಲ. ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

"ಎಂಟು ದಿನ ಕಂಬಳಿ ಇಲ್ದ ಎತ್ತಿಕೋರಿ. ದಿನಾ ಎತ್ತಿಕೋರಿ. ಕೆಂಪಾದ್ರ ಮುಂದಿನ ಐತವಾರ ನಾ ಹೋಗ್ತೀನಿ."

ಚೀಲ ಬಿಚ್ಚಲಿಲ್ಲ. ಮೂಲೆಯಲ್ಲೇ ಇಟ್ಟಳು.

ಆ ಎಂಟು ದಿನ ನಾನು ಹಿಂಡಿನ ಹತ್ತಿರ ಹೋಗಲಿಲ್ಲ ಎಂದರೆ ಸುಳ್ಳು. ಜೊತೆಗಾರರಿಗೆ ಹೇಳಿ ನಮ್ಮ ಕುರಿಗಳನ್ನು ದೊಡ್ಡಿಗೆ ತರಿಸಿಕೊಂಡಿದ್ದೆ, ಹತ್ತಿರದಲ್ಲೇ ಮೇಯಿಸಿದೆ. ಹೋಗದಿದ್ದರೆ ಪರೀಕ್ಷೆ ಪರೀಕ್ಷೆಯಾಗುತ್ತಿರಲಿಲ್ಲ. ಸಂಜೆ ಬಂದು ಹೊರಗೆ ನೀರಿನ ಪೀಪಾಯಿಯ ಹತ್ತಿರ ಅಂಗಿ ಕಳಚಿ ದೊಡ್ಡಿಯಲ್ಲೇ ಬಿಡುತ್ತಿದ್ದೆ. ಮೈ ತೊಳೆದು, ಗಡ್ಡ ಹೆರೆದು, ಬಿಸಿಲಿಗೆ ಒಣಗಿದ ನೂಲಿನ ಬನಿಯನ್ ಹಾಕಿಕೊಂಡು ಒಳಗೆ ಬರುತ್ತಿದ್ದೆ. ಕೂಸಿಗೆ ನೀರು ಹಾಕುವುದು ಹೆಂಡತಿ, ಒತ್ತಿ ಒರೆಸುವುದು ಆಕೆ, ಮುಲಾಮು ಬಳಿಯುವುದು ನಾನು. ನನ್ನ ಬೆರಳು ಒರಟು. ಮುಲಾಮನ್ನು ಮೊದಲು ನನ್ನ ಅಂಗೈಗೆ ತಿಕ್ಕಿ, ಅದು ಮೆತ್ತಗಾದ ಮೇಲೆ ಕೂಸಿನ ಮೈಗೆ ಇಡುತ್ತಿದ್ದೆ. ಮೇಲಿನಿಂದ ಕೆಳಕ್ಕೆ ಒಂದೇ ಕಡೆ, ಕೂದಲು ಬೆಳೆದ ದಿಕ್ಕಿಗೆ, ಹಾಗೆ ಎಂದು ಡಾಕ್ಟರು ಹೇಳಿದ್ದರು. ಕುರಿಗೆ ಎಣ್ಣೆ ತಿಕ್ಕುವುದು ಎದುರು ದಿಕ್ಕಿಗೆ. ಎರಡು ದಿನ ಕೈ ತಾನಾಗಿ ಎದುರಿಗೇ ಹೋಗುತ್ತಿತ್ತು, ಹಿಡಿದು ತಿರುಗಿಸಿದೆ.

ಆಮೇಲೆ ಎತ್ತಿಕೊಳ್ಳುತ್ತಿದ್ದೆ. ನನ್ನ ಜೀವನದಲ್ಲಿ ಯಾವುದನ್ನೂ ಅಷ್ಟು ಹೆದರಿ ಎತ್ತಿಲ್ಲ. ಹೆಂಡತಿ ಎದುರು ಕುಳಿತು ನೋಡುತ್ತಿದ್ದಳು. ಕೂಸು ಕೈ ಎತ್ತಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ನೋಡುತ್ತಿದ್ದೆವು.

ಮೂರನೆಯ ದಿನ ಅವ್ವ ತನ್ನ ಪೆಟ್ಟಿಗೆಯಿಂದ ಎರಡು ಹಳೆಯ ನೂಲಿನ ಸೀರೆ ತೆಗೆದಳು. ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಮಡಿಕೆಯ ಮೇಲೆ ಮಡಿಕೆ ಇಟ್ಟು ಸಣ್ಣ ಕೌದಿ ಹೊಲಿಯಲು ಕುಳಿತಳು. ಒಕ್ಕಲಿಗರ ಮನೆಯ ಹಾಸಿಗೆ ಎಂದು ಮೊದಲು ಮೂಗು ಮುರಿಯುತ್ತಿದ್ದವಳು ಅವಳೇ. ಹೊಲಿಗೆ ಸರಿಯಾಗಿ ಬರಲಿಲ್ಲ. ಸೊಸೆಯನ್ನು ಕರೆದು ಎಳೆ ಹೇಗೆ ಹಾಕಬೇಕು ಎಂದು ಕೇಳಿದಳು. ಒಳಗೆ ಗಂಟು ಬರಬಾರದು, ಕೂಸಿಗೆ ಒತ್ತುತ್ತದೆ ಎಂದು ಇಬ್ಬರೂ ಮಾತಾಡಿಕೊಂಡರು. ನನ್ನ ಜೊತೆ ಅಂದೂ ಮಾತಿಲ್ಲ.

ಐದನೆಯ ದಿನ ಕೊರಳ ಮಡಿಕೆಯಲ್ಲಿ ಕೆಂಪು ಕಂಡಿತು. ಕಂಡದ್ದು ನನಗೇ ಮೊದಲು. ಒಂದು ಗಳಿಗೆ ಮುಚ್ಚಿಡೋಣ ಅನ್ನಿಸಿತು, ಕೂಸಿನ ಅಂಗಿಯ ಅಂಚು ಎಳೆದು. ಆಮೇಲೆ ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಬಗ್ಗಿ ತುಂಬ ಹೊತ್ತು ನೋಡಿದಳು. ಬೆರಳಿಂದ ಮಡಿಕೆ ಬಿಡಿಸಿದಳು. ಒಳಗೆ ಜೊಲ್ಲು, ಹಾಲು ಇಳಿದು ನಿಂತಿತ್ತು. ಒರೆಸಿ ಮುಲಾಮು ಬಳಿದಳು. ಚೀಲದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾಳೆ ತನಕ ನೋಡೋಣ ಎಂದಳು. ಮರುದಿನ ಮಧ್ಯಾಹ್ನಕ್ಕೆ ಕೆಂಪು ಹೋಗಿತ್ತು.

ಮುಂದಿನ ಐತವಾರ ಭಾವಮೈದುನ ಮತ್ತೆ ಬಂದ. ಆಗ ನಾನು ದೊಡ್ಡಿಯಿಂದ ಬಂದು ಪೀಪಾಯಿಯ ಹತ್ತಿರ ನಿಂತಿದ್ದೆ. ಮೈ ತೊಳೆದು ಆಗಿತ್ತು. ಹೆಂಡತಿ ಕೂಸನ್ನು ಕೌದಿಯಲ್ಲಿ ಹಿಡಿದು ಹೊಸ್ತಿಲಿಗೆ ಬಂದಳು. ಆಕೆಯ ಹಿಂದೆ ಮೂಲೆ ಕಾಣುತ್ತಿತ್ತು. ಚೀಲ ಅಲ್ಲಿರಲಿಲ್ಲ.

"ಉಣ್ಣಿ ಅದಾವೇನ್ರಿ?" ಎಂದು ಕೇಳಿದಳು.

"ಒಂದೂ ಇಲ್ರಿ," ಅಂದೆ.

ಭಾವಮೈದುನ ತನ್ನ ಅಂಗಿಯನ್ನು ಹಿಂದೆ ಮುಂದೆ ನೋಡಿಕೊಂಡ, ಕೊಡವಿಕೊಂಡ. ಒಳಗೆ ಅವ್ವ ಮೊದಲ ಸಲ ನಕ್ಕದ್ದು ಕೇಳಿಸಿತು. ಹೆಂಡತಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಕೂಸಿನ ಕೈ ಮೇಲೆ ಎದ್ದಿತು. ನಾನು ಕಾದೆ. ಅದು ತನ್ನ ಗಲ್ಲಕ್ಕೆ ಹೋಗಲಿಲ್ಲ, ನನ್ನ ಹೆರೆದ ಗಲ್ಲಕ್ಕೆ ಬಂತು, ಹಿಡಿಯಲು ಏನೂ ಸಿಗದೆ ಜಾರಿತು.